ಮಳೆ ಜಾಕೆಟ್ಟನ್ನೂ ಕಲಿಸಿ: ಹೊಲಿಗೆ ಗುರುಗಳಿಗೊಂದು ಬಹಿರಂಗ ಪತ್ರ

ನಾಡಿನ ಹೊಲಿಗೆ ತರಬೇತಿ ಕೇಂದ್ರಗಳ ಶಿಕ್ಷಕಿಯರಿಗೆ, ಮನೆಯ ಜಗುಲಿಯಲ್ಲೇ ನಾಲ್ಕಾರು ಹುಡುಗಿಯರಿಗೆ ಕಟಿಂಗ್ ಹೇಳಿಕೊಡುವ ಅಕ್ಕಂದಿರಿಗೆ, ಪೇಟೆಯ ಅಂಗಡಿಯಲ್ಲಿ ಶಿಷ್ಯರನ್ನು ಕೂರಿಸಿಕೊಂಡಿರುವ ಟೈಲರ್ ಮಾಸ್ತರರಿಗೆ,



ನಿಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಪತ್ರ ಉದ್ದವಾಗುವ ಮೊದಲೇ ಅದನ್ನು ಹೇಳಿಬಿಡುತ್ತೇನೆ. ರವಿಕೆ, ಲಂಗ, ಚೂಡಿದಾರ, ಶಾಲೆಯ ಸಮವಸ್ತ್ರ ಇಷ್ಟು ಕಲಿಸಿದ ಮೇಲೆ ನಿಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಉಡುಪು ಕಲಿಸಿ: ಹಗುರವಾದ, ನೀರು ತಡೆಯುವ ಒಂದು ಮಳೆ ಜಾಕೆಟ್. ಅದನ್ನು ಮನೆಯ ಮಿಷನ್ನಿನಲ್ಲೇ ಹೊಲಿಯಬಹುದು. ವಿಶೇಷ ಕಾರ್ಖಾನೆ ಬೇಡ, ದುಬಾರಿ ಬಟ್ಟೆ ಬೇಡ. ಅದಕ್ಕೆ ಬೇಕಾದ ಕೌಶಲದಲ್ಲಿ ಮುಕ್ಕಾಲು ಪಾಲು ನಿಮ್ಮ ಪಾಠಗಳಲ್ಲಿ ಈಗಾಗಲೇ ಇದೆ. ಉಳಿದ ಕಾಲು ಪಾಲಿನ ಬಗ್ಗೆಯೇ ಈ ಪತ್ರ.

ನಾನು ಬರೆಯುತ್ತಿರುವುದು ಮಲೆನಾಡಿನಿಂದ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ತನಕ, ಅಂದರೆ ನಮ್ಮ ಕೃಷಿ ಕೆಲಸಗಳ ನಟ್ಟನಡುವೆ. ಗದ್ದೆಯಲ್ಲಿ ನಾಟಿ ಆಗಲೇ, ಕಾಫಿ ತೋಟದಲ್ಲಿ ಕಳೆ ತೆಗೆಯುವುದೂ ಆಗಲೇ. ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದು ಆಗಿನ ಬಿಡುವಿನ ಹೊತ್ತುಗಳಲ್ಲಿ. ಮಕ್ಕಳು ಹೊಸ ಪುಸ್ತಕ ಹೊತ್ತು ಶಾಲೆಗೆ ನಡೆಯುವುದೂ ಅದೇ ತಿಂಗಳುಗಳಲ್ಲಿ. ಮನೆಯೊಳಗೆ ಕೂತು ಮಳೆ ನೋಡುವ ಸೌಕರ್ಯ ಇಲ್ಲಿ ಬಹಳ ಜನಕ್ಕಿಲ್ಲ.

ನಮ್ಮ ಅಡಿಕೆ ತೋಟಗಳಲ್ಲಿ ಮಳೆಗೆ ಮುಂಚೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಾರೆ. ಮೊದಲು ಕರಡದ ಹುಲ್ಲಿನಲ್ಲಿ ಹೆಣೆದ ಕೊಟ್ಟೆ ಇತ್ತು, ಆಮೇಲೆ ಪ್ಲಾಸ್ಟಿಕ್ಕಿನದು ಬಂತು. ಕೊಳೆರೋಗ ತಗಲದಂತೆ ಗೊನೆಯ ಗಾತ್ರಕ್ಕೆ ಒಪ್ಪುವ ಹಾಗೆ, ನೀರು ಒಳಗಿಳಿಯದಂತೆ, ಗಾಳಿ ಮಾತ್ರ ಕೆಳಗಿನಿಂದ ಆಡುವಂತೆ ಅದನ್ನು ಕಟ್ಟುವುದು ದೊಡ್ಡ ಕುಶಲತೆ. ಆ ಮರ ಹತ್ತುವವನ ಮೈಮೇಲೆ, ಮರದ ಬುಡದಲ್ಲಿ ನಿಂತು ಕೆಲಸ ಮಾಡುವವಳ ಹೆಗಲ ಮೇಲೆ ಇರುವುದು ಗೊಬ್ಬರದ ಚೀಲ ಬಿಚ್ಚಿ ಮಾಡಿಕೊಂಡ ಕೊಪ್ಪೆ. ಗೊನೆಯ ಅಳತೆ ನೋಡಿ ಹೊದಿಕೆ ಮಾಡಬಲ್ಲ ಊರಿನಲ್ಲಿ ಮನುಷ್ಯರ ಅಳತೆ ತೆಗೆದು ಮಳೆಯುಡುಪು ಹೊಲಿಯುವವರು ಯಾಕಿಲ್ಲ? ಈ ಪ್ರಶ್ನೆಯನ್ನು ನಾನು ಮೊದಲು ಕೇಳುವುದು ಹೊಲಿಗೆ ಕಲಿಸುವ ನಿಮ್ಮನ್ನೇ.

ಹಿಂದಿನವರ ಬಳಿ ಮಳೆಗೆ ಎರಡು ಉತ್ತರಗಳಿದ್ದವು. ಒಂದು ಕಂಬಳಿಕೊಪ್ಪೆ, ಇನ್ನೊಂದು ಗೊರಬು. ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟರೆ ಮಳೆ ಬೀಳುವ ತಲೆ, ಹೆಗಲು, ಬೆನ್ನು ಈ ಮೂರೂ ಕಡೆ ಒಂದೇ ಒಂದು ಹೊಲಿಗೆ ಇರುವುದಿಲ್ಲ. ಬಿದಿರು ಹೆಣೆದು ಎಲೆ ಹೊದಿಸಿದ ಗೊರಬು ಬಾಗಿ ನಿಂತವರ ತಲೆಯಿಂದ ಸೊಂಟದ ತನಕ ಮುಚ್ಚುತ್ತದೆ, ಕೈಗಳನ್ನು ಕೆಲಸಕ್ಕೆ ಬಿಡುತ್ತದೆ, ಮೈಗೂ ಹೊದಿಕೆಗೂ ನಡುವೆ ಗಾಳಿಗೆ ಜಾಗ ಕೊಡುತ್ತದೆ. ಕಂಬಳಿ ನೆನೆದರೆ ಭಾರ, ಗೊರಬು ಹೊತ್ತು ಬಸ್ಸು ಹತ್ತಲಾಗದು. ಈ ತೊಂದರೆಗಳು ನಿಜ. ಆದರೆ ಅವುಗಳ ಹಿಂದಿನ ಎರಡು ಸೂತ್ರಗಳು ಇಂದಿಗೂ ಕೆಲಸಕ್ಕೆ ಬರುತ್ತವೆ: ಮಳೆ ಬೀಳುವಲ್ಲಿ ಹೊಲಿಗೆ ಇರಬಾರದು, ಮಳೆ ಬೀಳದ ಕಡೆ ಗಾಳಿಗೆ ದಾರಿ ಇರಬೇಕು. ನಾನು ನಿಮ್ಮ ಮುಂದಿಡುವ ಜಾಕೆಟ್ ಈ ಎರಡು ಸೂತ್ರಗಳ ಮೇಲೆ ನಿಂತಿದೆ.

ಅಂಗಡಿಯಲ್ಲಿ ರೇನ್‌ಕೋಟ್ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ. ಅಗ್ಗದ್ದು ಪಿವಿಸಿ ಹಾಳೆಯದು. ಹೊರಗಿನ ನೀರನ್ನು ಅದು ತಡೆಯುತ್ತದೆ, ಒಳಗಿನ ಬೆವರನ್ನೂ ಅಷ್ಟೇ ಬಿಗಿಯಾಗಿ ತಡೆಯುತ್ತದೆ. ಗುದ್ದಲಿ ಹಿಡಿದವರು ಅರ್ಧ ಗಂಟೆಯಲ್ಲಿ ಒಳಗಿನಿಂದಲೇ ಒದ್ದೆಯಾಗುತ್ತಾರೆ. ಕಂಕುಳಲ್ಲಿ ಒಮ್ಮೆ ಹರಿದರೆ ಅದಕ್ಕೆ ಹೊಲಿಗೆಯೂ ನಿಲ್ಲುವುದಿಲ್ಲ, ತೇಪೆಯೂ ಕೂರುವುದಿಲ್ಲ.

ದುಬಾರಿಯದರ ಕಥೆ ಬೇರೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದಾಗ ಅದು ಸೂಕ್ಷ್ಮ ರಂಧ್ರಗಳ ಪೊರೆಯಾಗುವುದನ್ನು ಕಂಡುಕೊಂಡರು. 1976ರ ಹೊತ್ತಿಗೆ ಅದು ಗೋರ್‌ಟೆಕ್ಸ್ ಎಂಬ ಬಟ್ಟೆಯಾಗಿ ಮಾರುಕಟ್ಟೆಗೆ ಬಂತು. ನೀರಿನ ಹನಿ ಆ ರಂಧ್ರಗಳಲ್ಲಿ ನುಸುಳಲಾರದು, ಬೆವರಿನ ಆವಿ ಮಾತ್ರ ಹೊರಗೆ ಹೋಗುತ್ತದೆ. ಒಳ್ಳೆಯ ಶೋಧವೇ. ಆದರೆ ಆವಿ ತಾನಾಗಿ ಹೊರಗೆ ಹೋಗಬೇಕಾದರೆ ಒಳಗಿನ ತೇವಕ್ಕಿಂತ ಹೊರಗಿನ ತೇವ ಸಾಕಷ್ಟು ಕಡಿಮೆ ಇರಬೇಕು. ಚಳಿದೇಶದ ಬೆಟ್ಟದಲ್ಲಿ ಈ ವ್ಯತ್ಯಾಸ ದೊಡ್ಡದು. ಆಷಾಢದ ಮಲೆನಾಡಿನಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಚಳಿಯೂ ಅಂಥದ್ದಲ್ಲ. ಆಗ ಆ ಪೊರೆ ತನ್ನ ಕೆಲಸವನ್ನು ಅಲ್ಪಸ್ವಲ್ಪ ಮಾತ್ರ ಮಾಡುತ್ತದೆ. ಹೊರಮೈಯ ನೀರು ಜಾರಿಸುವ ಲೇಪ ಸವೆದು ಬಟ್ಟೆ ನೆನೆಯತೊಡಗಿದರೆ ಆ ಅಲ್ಪಸ್ವಲ್ಪ ಕೆಲಸವೂ ಕಡಿಮೆಯಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಜಾಕೆಟ್ ನಮ್ಮ ಹವೆಯಲ್ಲಿ ನಿರಾಸೆ ಮಾಡುವುದು ಈ ಕಾರಣಕ್ಕೆ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ನಮ್ಮ ಮಳೆಯಲ್ಲಿ ಬಟ್ಟೆಯ ಬೆಲೆಗಿಂತ ಕಟಿಂಗ್ ಮುಖ್ಯ, ಲೇಪಕ್ಕಿಂತ ಹೊಲಿಗೆ ಮುಖ್ಯ. ಈ ಎರಡೂ ಟೈಲರ್ ಕೈಯಲ್ಲಿರುವ ವಿಷಯಗಳು. ಎಲ್ಲರಿಗೂ ಒಂದೇ ಅಚ್ಚಿನ ಜಾಕೆಟ್ ಮಾಡುವ ದೂರದ ಕಂಪನಿಗಿಂತ, ಎದುರಿಗೆ ನಿಂತವರ ಮೈ ಅಳೆದು ಅವರ ಕೆಲಸ ಕೇಳಿ ಹೊಲಿಯುವ ನಿಮ್ಮ ವಿದ್ಯಾರ್ಥಿನಿಗೆ ಇಲ್ಲಿ ಹೆಚ್ಚು ಅನುಕೂಲವಿದೆ.

ಬಟ್ಟೆಯಿಂದ ಶುರು ಮಾಡೋಣ. ಬೇಕಾದದ್ದು ಹಗುರ ನೈಲಾನ್ ಅಥವಾ ಪಾಲಿಯೆಸ್ಟರ್. ನಮ್ಮ ಅಂಗಡಿಗಳಲ್ಲಿ ಪ್ಯಾರಾಚೂಟ್ ಬಟ್ಟೆ, ಟಫೆಟಾ, ಕೊಡೆ ಬಟ್ಟೆ ಎಂದು ಕೇಳಿದರೆ ಈ ಜಾತಿಯವನ್ನು ತೋರಿಸುತ್ತಾರೆ. ಸಣ್ಣ ಸಣ್ಣ ಚೌಕಳಿ ಗೆರೆಗಳಿರುವ ರಿಪ್‌ಸ್ಟಾಪ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನಡುನಡುವೆ ದಪ್ಪ ಎಳೆ ಹಾಕಿ ನೇಯ್ದಿರುವುದರಿಂದ ಕಾಫಿ ರೆಂಬೆಗೆ ಸಿಕ್ಕಿ ತೂತಾದರೂ ಹರಕು ಮುಂದೆ ಓಡುವುದಿಲ್ಲ. ಒಳಮೈಗೆ ಪಾಲಿಯುರೆಥೇನ್ ಲೇಪ, ಅಂದರೆ ಪಿಯು ಕೋಟಿಂಗ್ ಇದೆಯೇ ಎಂದು ಕೇಳಿ. ಬೆಳಕಿಗೆ ಹಿಡಿದು ನೋಡಿದರೆ ಒಂದು ಬದಿ ಸ್ವಲ್ಪ ಹೊಳೆಯುತ್ತದೆ, ಬೆರಳಿಗೆ ಅಂಟಿದಂತಾಗುತ್ತದೆ. ಆ ಬದಿ ಒಳಗೆ ಬರಬೇಕು.

ಅಂಗಡಿಯವರ ಮಾತಿನ ಮೇಲೆ ನಿಲ್ಲಬೇಕಿಲ್ಲ, ಪರೀಕ್ಷೆ ಸುಲಭ. ತುಂಡು ಬಟ್ಟೆಯನ್ನು ಸ್ಟೀಲ್ ಲೋಟದ ಬಾಯಿಗೆ ನಡುವೆ ತಗ್ಗು ಬರುವಂತೆ ಹೊದಿಸಿ, ರಬ್ಬರ್ ಬ್ಯಾಂಡ್ ಹಾಕಿ, ತಗ್ಗಿಗೆ ನೀರು ಹೊಯ್ದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಲೋಟದ ತಳ ಒಣಗಿದ್ದರೆ ಬಟ್ಟೆ ನಮ್ಮ ಕೆಲಸಕ್ಕೆ ಆದೀತು. ಕಾರ್ಖಾನೆಗಳು ಮಾಡುವುದೂ ಇದೇ ಪರೀಕ್ಷೆಯ ದೊಡ್ಡ ರೂಪ. ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಏರಿಸುತ್ತ ಹೋಗಿ, ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡದಲ್ಲಿ ಅದು ಸೋರಿತು ಎಂಬುದನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಬಟ್ಟೆಯ ಮೇಲೆ 1500 ಮಿ.ಮೀ. ಎಂದು ಬರೆದಿದ್ದರೆ ಒಂದೂವರೆ ಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆಯಿತು ಎಂದರ್ಥ. ಸಾಮಾನ್ಯ ಮಳೆಗೆ ಅಷ್ಟು ಸಾಕು. ಬ್ಯಾಗಿನ ಪಟ್ಟಿ ಒತ್ತುವ ಹೆಗಲಿಗೆ ಮಾತ್ರ ಅದೇ ಬಟ್ಟೆಯ ಎರಡನೆಯ ಪದರ ಬೇಕು.

ಮನೆಯಲ್ಲಿ ಮುರಿದ ಕೊಡೆಗಳಿದ್ದರೆ ಎಸೆಯಬೇಡಿ. ಕೊಡೆಯ ಬಟ್ಟೆ ತ್ರಿಕೋನದ ಸಣ್ಣ ತುಂಡುಗಳಿಂದ ಆದದ್ದು. ಅವನ್ನೇ ಜೋಡಿಸಿ ಇಡೀ ಜಾಕೆಟ್ ಮಾಡಿದರೆ ಮೈತುಂಬ ಹೊಲಿಗೆಯಾಗುತ್ತದೆ. ಜೇಬಿಗೆ, ಜಿಪ್ಪಿನ ಮೇಲಿನ ಪಟ್ಟಿಗೆ, ಮಕ್ಕಳ ಟೊಪ್ಪಿಗೆಗೆ ಅವು ಹೇಳಿಮಾಡಿಸಿದಂತೆ ಒಪ್ಪುತ್ತವೆ. ಕಲಿಯುವವರ ಮೊದಲ ಅಭ್ಯಾಸಕ್ಕೂ ಅದೇ ಬಟ್ಟೆ ಸಾಕು.

ಲೇಪದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಮಳೆಯುಡುಪಿನ ಮೇಲೆ ನೀರು ಮುತ್ತಿನಂತೆ ಜಾರಲೆಂದು ದಶಕಗಳ ಕಾಲ ಫ್ಲೋರಿನ್ ಇರುವ ರಾಸಾಯನಿಕಗಳನ್ನು ಬಳಿಯುತ್ತ ಬಂದರು. ಪಿಎಫ್‌ಎಎಸ್ ಎಂಬ ಈ ಗುಂಪು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಉಳಿದುಬಿಡುತ್ತದೆ. ಅದರಲ್ಲಿ ಪಿಎಫ್‌ಒಎಸ್ ಎಂಬುದು 2009ರಲ್ಲಿ, ಪಿಎಫ್‌ಒಎ ಎಂಬುದು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿದವು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2025ರಿಂದ ಬಟ್ಟೆಗಳಲ್ಲಿ ಈ ಗುಂಪಿನ ಬಳಕೆಯನ್ನು ನಿರ್ಬಂಧಿಸಿದೆ. ನಮ್ಮ ಜಾಕೆಟ್ಟಿಗೆ ಇವು ಬೇಕಿಲ್ಲ. ಮೇಣ ಅಥವಾ ಸಿಲಿಕೋನ್ ಆಧಾರದ ಲೇಪಗಳಿವೆ. ಅವು ಎಣ್ಣೆಯನ್ನು ತಡೆಯಲಾರವು, ನೀರನ್ನು ತಡೆಯುತ್ತವೆ. ತುಂಗೆ, ಭದ್ರೆ, ಕಾವೇರಿ ಹುಟ್ಟುವ ಕಾಡಿನಲ್ಲಿ ಕೆಲಸ ಮಾಡುವವರ ಮೈಮೇಲೆ ನದಿಗೆ ವಿಷ ಸೇರಿಸುವ ಲೇಪ ಇರಬಾರದು ಎಂಬುದು ನನ್ನ ಗಟ್ಟಿ ನಿಲುವು.

ಇನ್ನು ಕಟಿಂಗ್. 60 ಇಂಚು ಅಗಲದ ಬಟ್ಟೆಯಾದರೆ ದೊಡ್ಡವರ ಒಂದು ಜಾಕೆಟ್ಟಿಗೆ ಸುಮಾರು ಎರಡೂಕಾಲು ಮೀಟರ್ ಸಾಕು. ಬಟ್ಟೆಯನ್ನು ಹೆಗಲ ಗೆರೆಯಲ್ಲಿ ಮಡಿಸಿ, ಮುಂಭಾಗ, ಹಿಂಭಾಗ, ತೋಳು ಮೂರನ್ನೂ ಒಂದೇ ತುಂಡಾಗಿ ಕತ್ತರಿಸಿ. ಹಾಸಿದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರ ಬರಬೇಕು. ಹೀಗೆ ಮಾಡಿದರೆ ಹೆಗಲ ಮೇಲೆ ಹೊಲಿಗೆಯೇ ಇರುವುದಿಲ್ಲ. ಕಂಬಳಿಕೊಪ್ಪೆಯ ಮೊದಲ ಸೂತ್ರ ಇಲ್ಲಿ ಬಂತು. ರವಿಕೆಯಲ್ಲಿ ಮೈಗೆ ಅಂಟುವಂತೆ ಕತ್ತರಿಸುವುದನ್ನು ಕಲಿಸುತ್ತೀರಿ, ಇಲ್ಲಿ ಬಿಡುವು ಕೊಡುವುದನ್ನು ಕಲಿಸಬೇಕು. ಎದೆಯ ಸುತ್ತಳತೆ 36 ಇಂಚು ಇದ್ದವರಿಗೆ ಜಾಕೆಟ್ಟಿನ ಸುತ್ತಳತೆ 44 ಇಂಚಾದರೂ ಇರಲಿ. ಒಳಗೆ ಸ್ವೆಟರ್ ಹಿಡಿಸುತ್ತದೆ, ಗಾಳಿಯೂ ಆಡುತ್ತದೆ.

ಒಂದೇ ತುಂಡಿನ ತೋಳಿಗೆ ಕಂಕುಳಲ್ಲಿ ಬಿಗಿತ ಬರುತ್ತದೆ. ಅದಕ್ಕೆ ಹಳೆಯ ಜುಬ್ಬಾಗಳಲ್ಲಿ ಇಡುತ್ತಿದ್ದಂತೆ ಒಂದು ಚೌಕದ ತುಂಡು ಇಡಿ. ಆ ಚೌಕವನ್ನು ಜಾಲರಿ ಬಟ್ಟೆಯಲ್ಲಿ ಮಾಡಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕೈ ಎತ್ತಲು ಸಲೀಸು, ಬೆವರಿನ ಆವಿಗೆ ದಾರಿ. ಕಂಕುಳಿಗೆ ಮಳೆ ನೇರವಾಗಿ ಬೀಳುವುದಿಲ್ಲ. ಸ್ಕೂಟರ್ ಓಡಿಸುವವರಿಗೆ ಮಾತ್ರ ಇದು ಬೇಡ, ಮುಂದಿನಿಂದ ಬರುವ ಗಾಳಿ ನೀರನ್ನು ಒಳಗೆ ತಳ್ಳುತ್ತದೆ. ಅವರಿಗೆ ಬೆನ್ನಿನ ಮೇಲ್ಭಾಗದಲ್ಲಿ ಅಡ್ಡಕ್ಕೆ ಜಾಲರಿ ಇಟ್ಟು, ಅದರ ಮೇಲೆ ಒಂದು ಪಟ್ಟಿಯನ್ನು ಕೆಳಗಂಚು ಬಿಟ್ಟುಕೊಂಡಿರುವಂತೆ ಹೊಲಿಯಿರಿ. ಮನೆಯ ಹಂಚಿನಂತೆ ಮೇಲಿನದು ಕೆಳಗಿನದನ್ನು ಮುಚ್ಚಬೇಕು. ಜಾಕೆಟ್ಟಿನ ಪ್ರತಿ ಪಟ್ಟಿ, ಪ್ರತಿ ಮಡಿಕೆ, ಪ್ರತಿ ಜೇಬಿನ ಮುಚ್ಚಳಕ್ಕೂ ಈ ನಿಯಮ ಅನ್ವಯಿಸುತ್ತದೆ. ಇದೊಂದು ತಲೆಯಲ್ಲಿ ಕೂತರೆ ವಿದ್ಯಾರ್ಥಿಗಳು ಉಳಿದದ್ದನ್ನು ತಾವೇ ಕಂಡುಕೊಳ್ಳುತ್ತಾರೆ.

ಅಳತೆ ತೆಗೆಯುವಾಗ ಕೆಲಸ ಕೇಳಿ. ನಾಟಿ ಮಾಡುವವರು ದಿನವಿಡೀ ಬಾಗಿರುತ್ತಾರೆ, ಅವರಿಗೆ ಹಿಂಭಾಗ ಮುಂಭಾಗಕ್ಕಿಂತ ನಾಲ್ಕೈದು ಇಂಚು ಉದ್ದವಿರಬೇಕು, ತೋಳು ಮುಂಗೈಗಿಂತ ಮೇಲೆ ನಿಲ್ಲಬೇಕು. ಸೀರೆ ಉಡುವವರಿಗೆ ತಲೆಯ ಮೇಲಿಂದ ಹಾಕುವ ಜಾಕೆಟ್ ಕಷ್ಟ, ಪೂರ್ತಿ ಮುಂದೆ ತೆರೆಯಬೇಕು, ನಡೆಯಲು ಪಕ್ಕದಲ್ಲಿ ಸೀಳು ಬೇಕು. ಟೊಪ್ಪಿಗೆಯೊಳಗೆ ತುರುಬು ಹಿಡಿಸಬೇಕು. ಶಾಲೆಯ ಮಕ್ಕಳಿಗೆ ಬೆನ್ನಿನ ನಡುವೆ ದೊಡ್ಡ ನೆರಿಗೆ ಕೊಟ್ಟರೆ ಬ್ಯಾಗಿನ ಮೇಲಿಂದಲೇ ಜಾಕೆಟ್ ಹಾಕಬಹುದು, ಪುಸ್ತಕ ನೆನೆಯುವುದಿಲ್ಲ. ಬ್ಯಾಗ್ ಇಲ್ಲದ ದಿನ ನೆರಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಟೊಪ್ಪಿಗೆಯನ್ನು ಎರಡು ತುಂಡಿನಲ್ಲಿ ಮಾಡಿದರೆ ನಡುನೆತ್ತಿಯ ಮೇಲೆ ಹೊಲಿಗೆ ಬಂದು ನೀರು ಅಲ್ಲೇ ಸೇರುತ್ತದೆ. ನಡುವೆ ಒಂದು ಅಗಲ ಪಟ್ಟಿ ಇಟ್ಟು ಮೂರು ತುಂಡಿನಲ್ಲಿ ಮಾಡಿ. ಇಂಥ ಯಾವ ವಿವರವೂ ಕಂಪನಿಯ ಜಾಕೆಟ್ಟಿನಲ್ಲಿ ನಮ್ಮವರಿಗಾಗಿ ಬರುವುದಿಲ್ಲ. ನಮ್ಮ ಗದ್ದೆ, ನಮ್ಮ ಸೀರೆ, ನಮ್ಮ ಶಾಲೆಯ ದಾರಿ ಗೊತ್ತಿರುವವರು ಮಾತ್ರ ಇದನ್ನು ಕೊಡಬಲ್ಲರು.

ಹೊಲಿಗೆಯ ಮಾತಿಗೆ ಬರೋಣ. ಮಳೆಯುಡುಪಿನ ಇತಿಹಾಸದಲ್ಲಿ ಸೂಜಿಯೇ ದೊಡ್ಡ ತೊಡಕು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ರಬ್ಬರನ್ನು ನ್ಯಾಫ್ತಾದಲ್ಲಿ ಕರಗಿಸಿ ಎರಡು ಬಟ್ಟೆಗಳ ನಡುವೆ ಹಚ್ಚಿ ನೀರು ನುಗ್ಗದ ಬಟ್ಟೆಗೆ ಪೇಟೆಂಟ್ ಪಡೆದರು. ಬಟ್ಟೆಯೇನೋ ಸೋರಲಿಲ್ಲ. ದರ್ಜಿಗಳು ಅದರಲ್ಲಿ ಕೋಟು ಹೊಲಿದಾಗ ಸೂಜಿಯ ತೂತುಗಳಿಂದ ನೀರು ಒಳಗೆ ಬಂತು. ಕೊನೆಗೆ ಹೊಲಿಗೆಯ ಮೇಲೂ ರಬ್ಬರ್ ಹಚ್ಚುವುದು ರೂಢಿಯಾಯಿತು.

ಇದಕ್ಕೂ ಎಷ್ಟೋ ಮೊದಲೇ ಈ ತೊಡಕನ್ನು ಉತ್ತರ ಧ್ರುವದ ಸುತ್ತಿನ ಹೆಂಗಸರು ಬಿಡಿಸಿದ್ದರು. ಅಲಾಸ್ಕದ ಯೂಪಿಕ್ ಮತ್ತು ಅಲ್ಯೂಟ್ ಹೆಂಗಸರು ಸೀಲ್, ವಾಲ್ರಸ್ ಮುಂತಾದ ಪ್ರಾಣಿಗಳ ಕರುಳನ್ನು ತೊಳೆದು, ಊದಿ, ಒಣಗಿಸಿ, ಪಟ್ಟಿಗಳಾಗಿ ಸೀಳಿ, ಸಮುದ್ರಕ್ಕೆ ಹೋಗುವ ಬೇಟೆಗಾರರಿಗೆ ಮೈಮೇಲಿದ್ದರೂ ಭಾರವೆನಿಸದ ಮಳೆಯಂಗಿ ಹೊಲಿಯುತ್ತಿದ್ದರು. ದಾರವೂ ಪ್ರಾಣಿಯ ಸ್ನಾಯುರಜ್ಜುವಿನದೇ. ನೆನೆದಾಗ ಆ ದಾರ ಉಬ್ಬಿ ಸೂಜಿಯ ತೂತನ್ನು ಮುಚ್ಚುತ್ತಿತ್ತು. ಇನುಯಿಟ್ ಹೆಂಗಸರು ಚರ್ಮದ ಬೂಟು ಹೊಲಿಯುವಾಗ ಸೂಜಿಯನ್ನು ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಇಳಿಸಿ, ಆಚೆ ಬದಿಗೆ ತೂತು ಬೀಳದಂತೆ ಹೊಲಿಯುತ್ತಿದ್ದರು. ಗಂಡಸರ ಜೀವ ಆ ಹೊಲಿಗೆಯ ಮೇಲೆ ನಿಂತಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟಿನಲ್ಲಿ ವೆಂಟೈಲ್ ಎಂಬ ಹತ್ತಿ ಬಟ್ಟೆ ಸಿದ್ಧವಾದಾಗಲೂ ಇದೇ ತತ್ವ ಬಳಕೆಯಾಯಿತು: ಒತ್ತಾಗಿ ನೇಯ್ದ ಹತ್ತಿಯ ಎಳೆ ನೆನೆದು ಉಬ್ಬಿ, ಎಳೆಗಳ ನಡುವಿನ ಸಂದನ್ನು ತಾನೇ ಮುಚ್ಚುತ್ತದೆ. ವಿದ್ಯಾರ್ಥಿನಿಯರಿಗೆ ಈ ಕಥೆಗಳನ್ನು ಹೇಳಿ. ತಾವು ಕಲಿಯುತ್ತಿರುವುದು ಎಷ್ಟು ಹಳೆಯ, ಎಷ್ಟು ಗೌರವದ ವಿದ್ಯೆ ಎಂಬುದು ಅವರಿಗೆ ಗೊತ್ತಾಗಲಿ.

ನಮ್ಮ ಮಿಷನ್ನಿನಲ್ಲಿ ಮಾಡಬೇಕಾದದ್ದು ಇಷ್ಟು. ಸಾಮಾನ್ಯವಾಗಿ ಹಾಕುವ 14 ಅಥವಾ 16 ನಂಬರಿನ ಸೂಜಿ ತೆಗೆದು 11 ನಂಬರಿನದು ಹಾಕಿ, ಬಟ್ಟೆ ತೀರಾ ತೆಳುವಾಗಿದ್ದರೆ 9. ಸೂಜಿ ಹೊಸದಾಗಿರಲಿ, ಮೊಂಡು ಸೂಜಿ ಎಳೆಗಳನ್ನು ಹರಿಯುತ್ತದೆ. ದಾರ ಪಾಲಿಯೆಸ್ಟರಿನದೇ ಆಗಲಿ. ನೈಲಾನ್ ಬಟ್ಟೆಯಲ್ಲಿ ಹತ್ತಿ ದಾರ ನೀರನ್ನು ಹೀರಿ ಒಳಕ್ಕೆ ಎಳೆಯುತ್ತದೆ, ಬೇಗ ಕೊಳೆಯುತ್ತದೆ. ಟಾಕಿನ ಉದ್ದ 3 ಮಿ.ಮೀ. ಇಡಿ. ಒಂದೂವರೆ ಮಿ.ಮೀ. ಇಟ್ಟರೆ ಇಂಚಿಗೆ ಸುಮಾರು 17 ತೂತು, 3 ಮಿ.ಮೀ. ಇಟ್ಟರೆ ಎಂಟೊಂಬತ್ತು. ರವಿಕೆಗೆ ಒತ್ತು ಹೊಲಿಗೆ ಬಲ ಕೊಟ್ಟರೆ, ಇಲ್ಲಿ ಅದೇ ಒತ್ತು ಹೊಲಿಗೆ ಬಟ್ಟೆಯನ್ನು ದುರ್ಬಲ ಮಾಡುತ್ತದೆ. ಒಮ್ಮೆ ಬಿದ್ದ ತೂತು ಈ ಬಟ್ಟೆಯಲ್ಲಿ ಮುಚ್ಚುವುದಿಲ್ಲ. ಹಾಗಾಗಿ ಗುಂಡುಪಿನ್ನು ಚುಚ್ಚದೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಹಿಡಿಸಿ. ಚುಚ್ಚಲೇಬೇಕಾದರೆ ಮಾರ್ಜಿನ್ನಿನ ಒಳಗೆ ಮಾತ್ರ. ಲೇಪದ ಬದಿ ಮಿಷನ್ನಿನ ಪಾದಕ್ಕೆ ಅಂಟಿ ಬಟ್ಟೆ ಮುಂದೆ ಹೋಗದಿದ್ದರೆ ತೆಳು ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಿರಿ. ಈ ಕೆಲಸಕ್ಕೆ ಕಾಲಿನಲ್ಲಿ ತುಳಿಯುವ ಮಿಷನ್ ಬಹಳ ಒಳ್ಳೆಯದು, ವೇಗ ನಮ್ಮ ಹಿಡಿತದಲ್ಲಿರುತ್ತದೆ.

ಪಕ್ಕ ಮತ್ತು ತೋಳಿನ ಅಡಿಗೆ ಫ್ರೆಂಚ್ ಹೊಲಿಗೆ ಸಾಕು, ಅದು ನಿಮ್ಮ ಪಾಠದಲ್ಲಿ ಈಗಲೇ ಇದೆ. ಹೆಚ್ಚು ಎಳೆತ ಬೀಳುವ ಕಡೆ ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕುವಂಥ ಮಡಿಸಿದ ಜೋಡಿ ಹೊಲಿಗೆ ಹಾಕಿ. ಅದಕ್ಕೆ ಮುಕ್ಕಾಲು ಇಂಚು ಮಾರ್ಜಿನ್ ಬಿಟ್ಟಿರಬೇಕು, ಮಡಿಕೆಯ ಬಾಯಿ ಕೆಳಮುಖವಾಗಿರಬೇಕು. ಕೊನೆಗೆ ಹೊಲಿಗೆಯನ್ನು ಮುಚ್ಚುವ ಕೆಲಸ. ಪಿಯು ಲೇಪದ ಬಟ್ಟೆಯಾದರೆ ಒಳಬದಿಯಲ್ಲಿ ಸೀಮ್ ಸೀಲಿಂಗ್ ಟೇಪ್ ಇಟ್ಟು, ಮೇಲೆ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿಯಿಂದ ಒತ್ತಿದರೆ ಅಂಟಿಕೊಳ್ಳುತ್ತದೆ. ಮೊದಲು ತುಂಡು ಬಟ್ಟೆಯಲ್ಲಿ ಬಿಸಿ ನೋಡಿಕೊಳ್ಳಿ, ನೈಲಾನ್ ಕರಗುತ್ತದೆ. ಸಿಲಿಕೋನ್ ಲೇಪದ ಬಟ್ಟೆಗೆ ಟೇಪ್ ಹಿಡಿಯುವುದಿಲ್ಲ, ಅದಕ್ಕೆ ಸಿಲಿಕೋನನ್ನೇ ತೆಳುವಾಗಿ ಹೊಲಿಗೆಯ ಮೇಲೆ ಬ್ರಷ್ಷಿನಿಂದ ಹಚ್ಚಬೇಕು. ಕಿಟಕಿ ಬಾಗಿಲು ತೆರೆದಿಟ್ಟು ಮಾಡಿ, ವಾಸನೆ ಒಳ್ಳೆಯದಲ್ಲ. ಜಿಪ್ಪಿನ ಮೇಲೆ ಅಗಲವಾದ ಪಟ್ಟಿ ಇರಲಿ, ಗಲ್ಲದ ಹತ್ತಿರ ಅದು ಪೂರ್ತಿ ಮುಚ್ಚಲಿ. ರಾತ್ರಿ ರಸ್ತೆಯಲ್ಲಿ ಓಡಾಡುವವರಿಗೆ ಬೆನ್ನಿಗೂ ತೋಳಿಗೂ ಬೆಳಕು ಹೊಳೆಯುವ ಪಟ್ಟಿ ಹೊಲಿಯುವುದು ಜೀವದ ವಿಷಯ. ಅದನ್ನು ಬಿಡಬೇಡಿ.

ಈ ಜಾಕೆಟ್ಟಿನ ಮಿತಿಯನ್ನೂ ಹೇಳುತ್ತೇನೆ. ಇದು ನೀರನ್ನು ತಡೆಯುವ ಹಗುರ ಉಡುಪು. ಆಷಾಢದಲ್ಲಿ ದಿನವಿಡೀ ಬಯಲಲ್ಲಿ ನಿಂತರೆ ಅಲ್ಲಲ್ಲಿ ತೇವ ಬಂದೇ ಬರುತ್ತದೆ. ತಲೆ, ಹೆಗಲು, ಬೆನ್ನು, ಎದೆ ಒಣಗಿದ್ದು, ಬೆವರು ಒಳಗೆ ನಿಲ್ಲದೆ, ಮಡಿಸಿದರೆ ಚೀಲದ ಮೂಲೆಯಲ್ಲಿ ಹಿಡಿಸಿದರೆ ನಾವು ಗೆದ್ದಂತೆ. ಪಿಯು ಲೇಪ ತೇವದಲ್ಲಿ ಬಹಳ ಕಾಲ ಮಡಿಸಿಟ್ಟರೆ ಅಂಟಂಟಾಗಿ ಸುಲಿಯುತ್ತದೆ. ಮಳೆಗಾಲ ಮುಗಿದ ಮೇಲೆ ತೊಳೆದು, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಹ್ಯಾಂಗರಿಗೆ ಹಾಕಿಡಲು ಹೇಳಿಕೊಡಿ. ಇದು ಹೊಲಿದವರ ಹತ್ತಿರವೇ ದುರಸ್ತಿಗೆ ಬರುವ ಉಡುಪು. ಜಿಪ್ ಕೆಟ್ಟರೆ ಜಿಪ್, ತೋಳು ಹರಿದರೆ ತೋಳು ಬದಲಾದೀತು, ಇಡೀ ಜಾಕೆಟ್ ಕಸಕ್ಕೆ ಹೋಗಬೇಕಿಲ್ಲ.

ನಮ್ಮ ಹೆಣ್ಣುಮಕ್ಕಳಿಗೆ ಜಾಕೆಟ್ ಹೊಲಿಯಲು ಬರುವುದಿಲ್ಲ ಎಂದು ಯಾರೂ ಹೇಳಲಾಗದು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಚಳಿದೇಶಗಳಿಗೆ ಹೋಗುವ ಜಾಕೆಟ್ಟುಗಳನ್ನು ಹೊಲಿಯುತ್ತಿರುವವರಲ್ಲಿ ಬಹಳ ಮಂದಿ ಕರ್ನಾಟಕದ ಹಳ್ಳಿಗಳಿಂದ ಹೋದ ಹೆಂಗಸರು. ಆದರೆ ಅಲ್ಲಿ ಒಬ್ಬಳು ಕಾಲರ್ ಮಾತ್ರ, ಇನ್ನೊಬ್ಬಳು ಜಿಪ್ ಮಾತ್ರ, ಮತ್ತೊಬ್ಬಳು ತೋಳಿನ ಪಟ್ಟಿ ಮಾತ್ರ ಹೊಲಿಯುತ್ತಾಳೆ. ವರ್ಷಗಟ್ಟಲೆ ದುಡಿದು ಊರಿಗೆ ಮರಳಿದವಳ ಕೈಯಲ್ಲಿ ಅಪಾರ ವೇಗವಿರುತ್ತದೆ, ಇಡೀ ಜಾಕೆಟ್ಟಿನ ನಕ್ಷೆ ಇರುವುದಿಲ್ಲ. ಆ ನಕ್ಷೆಯನ್ನು ಕೊಡಬಲ್ಲವರು ನೀವು. ಹಾಗೆ ಮರಳಿ ಬಂದವರನ್ನು ನಿಮ್ಮ ಕೇಂದ್ರಕ್ಕೆ ಕರೆಯಿರಿ. ಅವರ ಕೈವೇಗ, ನಿಮ್ಮ ಕಟಿಂಗ್ ಎರಡೂ ಸೇರಿದರೆ ಒಳ್ಳೆಯ ಉಡುಪು ಹುಟ್ಟುತ್ತದೆ.

ಇದರಲ್ಲಿ ಸಂಪಾದನೆಯೂ ಇದೆ. ಮದುವೆ ದಿನಗಳಲ್ಲಿ ರವಿಕೆ ಹೊಲಿದು ಹೊಲಿದು ಬೆನ್ನು ನೋಯಿಸಿಕೊಂಡವರಿಗೆ ಆಷಾಢ ಬಂದರೆ ಕೆಲಸ ಇಳಿಯುತ್ತದೆ. ಮುಹೂರ್ತವಿಲ್ಲ, ಫಾಲ್ಸ್ ಇಲ್ಲ, ಕುಚ್ಚಿಲ್ಲ. ಮಳೆ ಜೋರಾಗುವುದು ಅದೇ ತಿಂಗಳಲ್ಲಿ. ಜಾಕೆಟ್ಟಿಗೆ ಬೇಡಿಕೆ ಇರುವ ಕಾಲ ಟೈಲರಿಗೆ ಬಿಡುವಿರುವ ಕಾಲವೂ ಹೌದು. ಒಂದು ಊರಿನ ಶಾಲೆ, ಒಂದು ತೋಟ, ಒಂದು ಹಾಲಿನ ಡೇರಿ ಇಷ್ಟಕ್ಕೆ ಹೊಲಿದರೂ ಒಬ್ಬಳ ಆಷಾಢ ಸುಗಮವಾಗಿ ಸಾಗೀತು.

ಕಲಿಸಲು ಬೇಕಾದ ವ್ಯವಸ್ಥೆಯೂ ನಮ್ಮಲ್ಲಿದೆ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತ ಬಂದಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು, ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿ ತನಕ ನೆರವಿದೆ. ಮಿಷನ್ ಹಂಚುವುದು ನಡೆದೇ ಇದೆ. ಆ ಮಿಷನ್ನಿನಲ್ಲಿ ಊರಿಗೆ ಬೇಕಾದದ್ದನ್ನು ಹೊಲಿಯುವ ಪಾಠ ಮಾತ್ರ ಬಾಕಿ.

ಆದ್ದರಿಂದ ನನ್ನ ಕೋರಿಕೆಯನ್ನು ವಿವರವಾಗಿ ಮುಂದಿಡುತ್ತೇನೆ. ಮೊದಲ ವಾರ ಹಳೆಯ ಕೊಡೆಯ ಬಟ್ಟೆಯಲ್ಲಿ ಮೂರು ತುಂಡಿನ ಟೊಪ್ಪಿಗೆ ಮಾಡಿಸಿ. ಎರಡನೆಯ ವಾರ ಶಾಲೆಯ ಮಗುವಿನ ಅಳತೆಗೆ ಪುಟ್ಟ ಜಾಕೆಟ್. ಅದರಲ್ಲಿ ಫ್ರೆಂಚ್ ಹೊಲಿಗೆ, ಬೆನ್ನಿನ ನೆರಿಗೆ, ಜಿಪ್ಪಿನ ಪಟ್ಟಿ ಮೂರೂ ಬರುತ್ತವೆ. ಮೂರನೆಯ ವಾರ ಪ್ರತಿ ವಿದ್ಯಾರ್ಥಿನಿ ತನ್ನ ಮನೆಯಲ್ಲಿ ಮಳೆಯಲ್ಲಿ ಕೆಲಸ ಮಾಡುವ ಒಬ್ಬರನ್ನು ಆರಿಸಿ, ಅವರ ಕೆಲಸ ಕೇಳಿ, ಅಳತೆ ತೆಗೆದು, ಅವರಿಗೇ ಒಂದು ಜಾಕೆಟ್ ಹೊಲಿಯಲಿ. ಪರೀಕ್ಷೆ ಹೀಗಿರಲಿ: ಒಳಗೆ ಹಳೆಯ ಹತ್ತಿ ಅಂಗಿ ಹಾಕಿ ಜಾಕೆಟ್ ತೊಡಿಸಿ, ತಲೆಯ ಮೇಲಿಂದ ಕೊಡಪಾನದಲ್ಲಿ ನೀರು ಹೊಯ್ಯಿರಿ. ಅಂಗಿಯ ಯಾವ ಜಾಗ ನೆನೆದಿದೆಯೋ ಅಲ್ಲಿನ ಹೊಲಿಗೆಯನ್ನು ಮತ್ತೆ ಮುಚ್ಚಿಸಿ. ಪಾಸಾದ ಜಾಕೆಟ್ಟಿಗೆ ನಿಮ್ಮ ಕೇಂದ್ರದ ಹೆಸರು ಹೊಲಿದು ಕೊಡಿ.

ಮುಂದಿನ ಮುಂಗಾರಿಗೆ ಮುಂಚೆ, ಏಪ್ರಿಲ್ ತಿಂಗಳ ತರಗತಿಯಿಂದಲೇ ಇದನ್ನು ಶುರು ಮಾಡಿ ಎಂದು ಬೇಡಿಕೊಳ್ಳುತ್ತೇನೆ. ನಮ್ಮ ಊರಿನ ಕೇಂದ್ರದಲ್ಲಿ ಕಲಿಸಲು ಕರೆದರೆ ನನ್ನ ಕತ್ತರಿ, ಟೇಪು, ಕಾಗದದ ಪ್ಯಾಟರ್ನುಗಳೊಂದಿಗೆ ಬರಲು ಸಿದ್ಧಳಿದ್ದೇನೆ. ನಾಲ್ಕು ತಿಂಗಳ ಮಳೆಯಲ್ಲಿ ದುಡಿಯುವ ಮೈಗೆ ಒಪ್ಪುವ ಉಡುಪು ಹೊಲಿಯುವುದು ಟೈಲರ್ ವಿದ್ಯೆಯ ಮುಖ್ಯ ಪಾಠ. ಅದನ್ನು ಪಠ್ಯಕ್ಕೆ ಸೇರಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ, ದಯವಿಟ್ಟು ಸೇರಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಹೊಲಿಗೆಗಾರ್ತಿ